ಎರಡನೆಯ ಟ್ಯಾಂಕು

ನಮ್ಮ ಊರಿನಲ್ಲಿ ಬಸ್ಸು ಹತ್ತುವವರು ಮೊದಲು ಆಕಳಿಸಬೇಕು. ಕಂಡಕ್ಟರ್ ಚನಮಲ್ಲ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡುತ್ತಾನೆ. ಕಣ್ಣಿನಲ್ಲಿ ಒಂಚೂರು ಹೊಳಪು ಕಂಡರೆ ಸಾಕು, "ಇಳೀರಿ, ಇಳೀರಿ, ನಿಮಗ ಆಚಿ ಊರು ಮುಟ್ಟೂ ಆಸೆ ಭಾಳ ಐತಿ" ಎಂದು ಚೀಲದ ಸಮೇತ ಕೆಳಗಿಳಿಸುತ್ತಾನೆ. ಹೋದರೂ ನಡೆದೀತು, ಹೋಗದಿದ್ದರೂ ನಡೆದೀತು ಎನ್ನುವ ಮುಖದವರಿಗೆ ಮಾತ್ರ ಸೀಟು. ಮಗಳ ಬಾಣಂತನಕ್ಕೆ ಹೊರಟ ತಾಯಂದಿರನ್ನು, ಹೊಸ ಅಳಿಯಂದಿರನ್ನು ಅವನು ಫುಟ್‌ಬೋರ್ಡಿನ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಅವನ ತಪ್ಪೇನೂ ಇಲ್ಲ. ನಮ್ಮ ಊರಿಗೂ ಆಚೆ ಊರಿಗೂ ನಡುವೆ ಇರುವ ಬಯಲೇ ಹಾಗೆ. ಮುಟ್ಟಬೇಕೆಂಬ ಆಸೆ ಎಷ್ಟಿದೆಯೋ ಅಷ್ಟು ಉದ್ದವಾಗುತ್ತದೆ. ಬಸ್ಸಿನ ತುಂಬ ಜನ ತೂಕಡಿಸುತ್ತ ಕೂತು, ಒಬ್ಬಳೇ ಒಬ್ಬಳು ಮೊಮ್ಮಗನ ಮುಖ ನೋಡಲು ಹಾತೊರೆಯುತ್ತಿದ್ದರೂ ಮುಗಿಯಿತು, ಎಲ್ಲರೂ ಅವಳ ಬಯಲನ್ನೇ ದಾಟಬೇಕು.

ಆ ಬಯಲಿಗೆ ಒಮ್ಮೆ ಡಾಂಬರು ಹಾಕಿ ನೋಡಿದರು. ಉದ್ಘಾಟನೆಯ ದಿನ ಯಾರೋ ಹೊಸದಾಗಿ ಮದುವೆಯಾದವನು ಮೋಟಾರ್‌ಸೈಕಲ್ಲಿನಲ್ಲಿ ಹೆಂಡತಿಯನ್ನು ಕರೆತರಲು ಹೊರಟ. ರಸ್ತೆ ಜಗ್ಗಿ ಜಗ್ಗಿ ಹಪ್ಪಳದಂತೆ ಚೂರುಚೂರಾಯಿತು. ಅಂದಿನಿಂದ ಬರೀ ಮಣ್ಣು, ಕಲ್ಲು, ಹಳ್ಳ. ಬಸ್ಸು ಹತ್ತಿಸಿಕೊಳ್ಳದ ಆಸೆಬುರುಕರಿಗೆಲ್ಲ ನನ್ನ ಜೀಪೇ ಗತಿ. ಹರಾಜಿನಲ್ಲಿ ತಂದ ಹಳೆಯ ಮಿಲಿಟರಿ ಜೀಪು, ಪೆಟ್ರೋಲ್ ಗಾಡಿ. ಎಂಥ ಹಳ್ಳವನ್ನಾದರೂ ಹತ್ತಿ ಇಳಿಯುತ್ತದೆ, ಆದರೆ ಪೆಟ್ರೋಲನ್ನು ಎಮ್ಮೆ ಕಲಗಚ್ಚು ಕುಡಿದಂತೆ ಕುಡಿಯುತ್ತದೆ.

ಇಂಥ ಬಯಲಿದ್ದ ಮೇಲೆ ಜನ ಪ್ರೀತಿಯನ್ನು ಯಾವುದರಿಂದ ಅಳೆಯುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ನೆಂಟರು ಬಂದರೆ ಕಾಲಿಗೆ ನೀರು ಕೊಡುವ ಮೊದಲು ಮನೆಯ ಹಿರಿಯರು ಗಾಡಿಯ ಹತ್ತಿರ ಹೋಗಿ ಪೆಟ್ರೋಲಿನ ಮುಳ್ಳು ನೋಡುತ್ತಾರೆ. ಮುಳ್ಳು ತಳ ಮುಟ್ಟಿದ್ದರೆ ಹೋಳಿಗೆಗೆ ತುಪ್ಪ ಧಾರಾಳ. ಅರ್ಧದ ಮೇಲಿದ್ದರೆ ಅನ್ನ, ಸಾರು, "ಮತ್ತ ಯಾವಾಗ ಹೊಂಟ್ರಿ?" ಎಂಬ ಪ್ರಶ್ನೆ. ಹೀಗಾಗಿ ಊರ ಹೊರಗಿನ ಜಾಲಿಯ ಪೊದೆಗಳಲ್ಲಿ ಪೆಟ್ರೋಲಿನ ಕ್ಯಾನು ಬಚ್ಚಿಟ್ಟು, ಟ್ಯಾಂಕು ಬರಿದು ಮಾಡಿಕೊಂಡು, ಸೋತ ಮುಖದಲ್ಲಿ ಮಾವನ ಮನೆಗೆ ಗಾಡಿ ನೂಕಿಕೊಂಡು ಬರುವ ಅಳಿಯಂದಿರೂ ನಮ್ಮಲ್ಲಿದ್ದಾರೆ. ಎಲ್ಲ ಬಲ್ಲೆ, ಹೆಸರು ಹೇಳುವುದಿಲ್ಲ.

ನನ್ನ ಹೆಸರು ಮುದುಕಪ್ಪ. ತೊಟ್ಟಿಲಲ್ಲಿದ್ದಾಗಿನಿಂದಲೂ ಮುದುಕಪ್ಪನೇ. ನನಗೆ ಸಿಟ್ಟು ಜಾಸ್ತಿ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಆ ಸಿಟ್ಟೇ ನನ್ನ ಕಸುಬು. ಒಂದೇ ಟ್ಯಾಂಕಿನಲ್ಲಿ ಆಸೆಬುರುಕರನ್ನು ಆಚೆ ಊರಿಗೆ ಮುಟ್ಟಿಸುವುದು ಸುಮ್ಮನೆ ಆಗುವ ಕೆಲಸವೇ? ಅರ್ಧ ದಾರಿಯಲ್ಲಿ ಬಯಲು ಹಿಗ್ಗತೊಡಗಿದ್ದು ಕಂಡ ಕೂಡಲೇ ನಾನು ಜಗಳ ತೆಗೆಯುತ್ತಿದ್ದೆ. ಮೊಮ್ಮಗನ ಜಪ ಮಾಡುತ್ತಿರುವ ಅಜ್ಜಿಗೆ, "ಯವ್ವಾ, ನಿಮ್ಮ ಕೈಯಾನ ಚಟ್ನಿಯೊಳಗ ಬರೇ ಉಪ್ಪ ಅಂತಾರಲ್ಲ ಊರಾಗ?" ಎನ್ನುತ್ತಿದ್ದೆ. ಅಷ್ಟೇ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಏಳು ತಲೆಮಾರನ್ನು ಜಾಲಾಡುತ್ತಿದ್ದಳು, ಮೊಮ್ಮಗ ಮರೆತೇಹೋಗುತ್ತಿದ್ದ, ಆಚೆ ಊರು ಕಣ್ಣೆದುರು ಬಂದು ನಿಲ್ಲುತ್ತಿತ್ತು. ಇಳಿದ ಮೇಲೂ ಬೈಯುತ್ತಲೇ ಹೋಗುತ್ತಿದ್ದರು. ಬಾಡಿಗೆ ಕೊಟ್ಟು ಬೈಯುವ ಗಿರಾಕಿಗಳು ನನ್ನೊಬ್ಬನಿಗೇ ಇದ್ದದ್ದು. ನನಗಂತೂ ಎಲ್ಲಿಗೂ ಹೋಗಬೇಕೆಂಬ ಆಸೆ ಇರಲಿಲ್ಲ. ಒಬ್ಬನೇ ಹೊರಟರೆ ಒಂದು ಬೀಡಿ ಮುಗಿಯುವುದರಲ್ಲಿ ಬಯಲು ದಾಟುತ್ತಿದ್ದೆ.

ಹಾಗೆ ಒಮ್ಮೆ ಆಚೆ ಊರಿನ ಹಿಟ್ಟಿನ ಗಿರಣಿಗೆ ಬೀಸುವ ಕಲ್ಲು ಒಯ್ದೆ. ಗಿರಣಿಯ ಒಡತಿ ನೀಲಗಂಗಾ ಬಾಗಿಲಿಗೆ ಬಂದಳು. ತಲೆ, ಹುಬ್ಬು, ರೆಪ್ಪೆ ಎಲ್ಲ ಜೋಳದ ಹಿಟ್ಟಿನಲ್ಲಿ ಬೆಳ್ಳಗಾಗಿದ್ದವು. ವಯಸ್ಸು ನನ್ನಷ್ಟೇ ಇರಬೇಕು, ನನ್ನದು ಎಷ್ಟೆಂದು ನಿಮಗೆ ಬೇಡ. ಕಲ್ಲಿನ ಒಡೆದ ಅಂಚನ್ನು ಬೆರಳಿನಿಂದ ಸವರಿ, "ಇಲ್ಲಿ ಚಕ್ಕಿ ಎದ್ದೈತಿ. ಹಾದಿಯೊಳಗ ಯಾರ ಮ್ಯಾಲ ಸಿಟ್ಟ ತೀರಿಸಿಕೊಂಡ್ರಿ?" ಎಂದಳು.

"ಕಲ್ಲು ಮೊದಲ ಹಂಗ ಇತ್ತು" ಎಂದು ನಾನು ದನಿ ಏರಿಸಿದೆ.

"ಕಲ್ಲ ಇಳಸ್ತೀರೋ, ಬರೇ ಬಾಯಿ ನಡಸ್ತೀರೋ?" ಎಂದಳು ಅವಳು.

ಅಜ್ಜಿಯರನ್ನು, ಬೀಗರನ್ನು, ಒಬ್ಬ ಪೊಲೀಸ್ ಫೌಜುದಾರರನ್ನು ಕೂಡ ಮಾತಿನಲ್ಲಿ ಮಣಿಸಿದವನು ನಾನು! ಸುಮ್ಮನೆ ಕಲ್ಲು ಇಳಿಸಿದೆ. ಅವಳು ಒಂದು ಲೋಟ ಚಹ ಕೊಟ್ಟಳು, ಅದರಲ್ಲೂ ಹಿಟ್ಟು ತೇಲುತ್ತಿತ್ತು. ಕುಡಿದೆ. ಅಂಥ ಚಹ ನಾನು ಕುಡಿದಿರಲಿಲ್ಲ, ಸತ್ಯವಾಗಿ.

ಮರುದಿನ ಬೆಳಿಗ್ಗೆ, ಅವಳಿಗೆ ಕೊಡಬೇಕಾದ ಉತ್ತರ ಹೊಳೆಯಿತು. ಹೇಳಿ ಬರೋಣ ಎಂದು ಜೀಪು ಹತ್ತಿದೆ. ಬೀಡಿ ಮುಗಿಯಿತು, ಇನ್ನೊಂದು ಹಚ್ಚಿದೆ, ಕಟ್ಟೇ ಮುಗಿಯಿತು, ಬಯಲು ಮಾತ್ರ ಮುಗಿಯಲಿಲ್ಲ. ಮುಳ್ಳು ಇಳಿಯುತ್ತ ಇಳಿಯುತ್ತ ತಳ ಮುಟ್ಟಿತು, ಇಂಜಿನ್ನು ಕೆಮ್ಮಿ ನಿಂತಿತು. ಹಿಂದಕ್ಕೆ ತಿರುಗಿ ನೋಡಿದರೆ ನಮ್ಮ ಊರು ಇಲ್ಲೇ, ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಇತ್ತು. ವಾಪಸು ಬರುವಾಗ ಹಾಗೆಯೇ, ಸ್ವಂತ ಮನೆಯ ಮೇಲೆ ಯಾರಿಗೆ ಅಂಥ ಆಸೆ ಇರುತ್ತದೆ? ಎತ್ತು ಕಟ್ಟಿ ಜೀಪು ಎಳೆಸಿಕೊಂಡು ಊರು ಹೊಕ್ಕೆ. ಚಹದಂಗಡಿಯ ಮುಂದಿದ್ದವರೆಲ್ಲ ಎದ್ದು ನಿಂತರು. ಮುದುಕಪ್ಪನ ಟ್ಯಾಂಕು ಖಾಲಿಯಾಗಿದೆ ಎಂದರೆ ಊರಿಗೆ ಬೇರೆ ಸುದ್ದಿ ಬೇಕೆ? ಯಾರೂ ಏನಾಯಿತೆಂದು ಕೇಳಲಿಲ್ಲ, ಎಲ್ಲರೂ ಕೇಳಿದ್ದು ಒಂದೇ, "ಯಾರೋ ಅಕಿ?"

ನನ್ನವ್ವ ಬಾಳವ್ವನಿಗೆ ಖುಷಿ ತಡೆಯಲಾಗಲಿಲ್ಲ. "ದೇವರ ದಯಾ, ನನ್ನ ಮಗಗೂ ಪೆಟ್ರೋಲ ಸಾಲದಾಂಗ ಆತು" ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಬಸ್ಸಿನಲ್ಲಿ ಹೋಗುವ ಯಾವನೋ ಸೋಮಾರಿಯ ಕೈಯಲ್ಲಿ ಆಚೆ ಊರಿಗೆ ಮದುವೆಯ ಮಾತು ಹೇಳಿಕಳಿಸಿದಳು. ನೀಲಗಂಗಾಳ ಉತ್ತರವೂ ಅದೇ ಸೋಮಾರಿಯ ಬಾಯಲ್ಲಿ ಸಂಜೆಗೇ ಬಂತು, "ಕೇಳೂದಿದ್ರ ಅವರ ಬಂದು ಕೇಳಲಿ. ಮಂದಿ ಬಾಯಿಲೆ ಬಂದ ಮಾತಿಗೆ ನಾ ಹೂಂ ಅನ್ನಂಗಿಲ್ಲ, ಊಂಹೂಂನೂ ಅನ್ನಂಗಿಲ್ಲ."

ಅವರೇ ಬಂದು ಕೇಳಲಿ! ಕೇಳಲಿಕ್ಕೆ ನನಗೇನು ಬಾಯಿ ಇರಲಿಲ್ಲವೇ? ಮುಟ್ಟುವುದು ಹೇಗೆ ಎಂಬುದೇ ಪ್ರಶ್ನೆ. ಮತ್ತೆ ಹೊರಟೆ, ಮತ್ತೆ ಎತ್ತು ಕಟ್ಟಿಸಿಕೊಂಡು ಬಂದೆ. ಆ ಎತ್ತುಗಳು ಈಗ ನನ್ನ ಜೀಪು ಕಂಡರೆ ತಾವೇ ಎದ್ದು ನಿಲ್ಲುತ್ತಿದ್ದವು.

ಆಗ ಗೈಬುಸಾಬನ ಹತ್ತಿರ ಹೋದೆ. ಗೈಬುಸಾಬ ನಮ್ಮೂರಿನ ಮೆಕ್ಯಾನಿಕ್, ವೆಲ್ಡರ್, ಮಾತುಗಾರ. ಮೂರರಲ್ಲಿ ಕೊನೆಯದೇ ಹೆಚ್ಚು. ಜೀಪಿನ ಸುತ್ತ ಒಂದು ಸುತ್ತು ಬಂದು, "ಇದು ಆಸೆಯ ತೊಂದರೆ ಅಲ್ಲೋ ಮುದುಕಪ್ಪಾ, ಟ್ಯಾಂಕಿನ ತೊಂದರೆ" ಎಂದ. "ಬಯಲು ಎಷ್ಟ ಹಿಗ್ಗಿದ್ರೂ ಅದಕೂ ಒಂದು ಕೊನಿ ಅನ್ನೂದು ಇರಬೇಕಲ್ಲ? ನಾವು ಆ ಕೊನಿಗಿಂತ ಒಂದ ಮುಷ್ಟಿ ಹೆಚ್ಚಿಗೆ ಪೆಟ್ರೋಲ ಹಾಕಿದ್ರ ಆತು." ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ಪೆಟ್ರೋಲನ್ನು ಮುಷ್ಟಿಯಲ್ಲಿ ಯಾರು ಅಳೆಯುತ್ತಾರೆ ಎಂದು ಕೇಳಲೂ ಮರೆತೆ.

ಮೊದಲು ಭಾರ ಇಳಿಸಿದ. ಬಾಗಿಲು ಬಿಚ್ಚಿದ, ತಾಡಪತ್ರಿ ತೆಗೆದ, ಸ್ಟೆಪ್ನಿ ತೆಗೆದ, ಹಿಂದಿನ ಸೀಟು ಕಿತ್ತ. ಟಯರಿಗೆ ಗಾಳಿ ಗಟ್ಟಿಯಾಗಿ ಹೊಡೆದ. ಆಮೇಲೆ ಎಲ್ಲಿಂದಲೋ ಒಂದು ಲಾರಿಯ ಹಳೆಯ ಟ್ಯಾಂಕು ತಂದು, ಸಿಡಿಯದಿರಲಿ ಎಂದು ಅದರ ತುಂಬ ನೀರು ನಿಲ್ಲಿಸಿ ವೆಲ್ಡಿಂಗ್ ಮಾಡಿ, ಒಣಗಿಸಿ, ಹಿಂದಿನ ಸೀಟಿನ ಜಾಗದಲ್ಲಿ ಕೂರಿಸಿದ. ಒಂದು ಪೈಪು, ನಲ್ಲಿಯಂಥ ಒಂದು ಕಾಕು. ಮೊದಲನೆಯ ಟ್ಯಾಂಕು ಮುಗಿದ ಮೇಲೆ ಕಾಕು ತಿರುಗಿಸಿದರೆ ಎರಡನೆಯದು ಶುರು. ಅದರ ಮೇಲೆ ಕೆಂಪು ಬಣ್ಣದಲ್ಲಿ 'ಶುಭ ಪ್ರಯಾಣ' ಎಂದು ಬರೆಸಿದ. ಬೀಡಿ ಸೇದಬೇಡ ಎಂದ. ಸಿಟ್ಟು ಮಾಡಬೇಡ ಎಂದೂ ಹೇಳಿದ, ಅದಕ್ಕೂ ಟ್ಯಾಂಕಿಗೂ ಏನು ಸಂಬಂಧವೋ.

ಹೊರಟೆ. ಎರಡು ಟ್ಯಾಂಕು ತುಂಬಿ ಕೂತಾಗ ನನ್ನ ಎದೆ ಹೇಗೆ ಉಬ್ಬಿತ್ತು ಗೊತ್ತೆ? ಈ ಸಲ ಮುಟ್ಟಿದೆ ಎಂದೇ ಲೆಕ್ಕ. ಅವಳ ಬಾಗಿಲಲ್ಲಿ ಜೀಪು ನಿಲ್ಲಿಸುವುದು, ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬರುವುದು, ಎಲ್ಲ ಕಣ್ಣ ಮುಂದೆ ಕುಣಿಯುತ್ತಿತ್ತು. ಬಯಲಿಗೆ ಇನ್ನೇನು ಬೇಕು? ಕಂಡು ಕೇಳರಿಯದಷ್ಟು ಹಿಗ್ಗಿತು. ಎಂದೂ ನೋಡದ ಹಳ್ಳಗಳು ಬಂದವು. ಎರಡನೆಯ ಟ್ಯಾಂಕು ಮೊದಲಿನದಕ್ಕಿಂತ ಬೇಗ ಖಾಲಿಯಾಯಿತು. ವಾಪಸು ಬಂದು ಗೈಬುಸಾಬನ ಮೇಲೆ ಹರಿಹಾಯ್ದರೆ ಅವನು ತಲೆ ಕೆರೆದುಕೊಂಡು, "ಹಂಗಾದ್ರ ಮೂರನೇದು ಹಾಕೂಣು" ಎಂದ. ಬಾನೆಟ್ಟಿನ ಮೇಲೊಂದು ಟ್ಯಾಂಕು ಬಂತು. ಆಮೇಲೆ ತಾಡಪತ್ರಿ ತೆಗೆದ ಕಂಬಿಗಳ ಮೇಲೊಂದು ಡ್ರಮ್ಮು. ಟ್ಯಾಂಕು ಹೆಚ್ಚಿದಷ್ಟೂ ನನ್ನ ಭರವಸೆ ಹೆಚ್ಚುತ್ತಿತ್ತು, ಭರವಸೆ ಹೆಚ್ಚಿದಷ್ಟೂ ಬಯಲು. ಕೊನೆಗೆ ನನ್ನ ಜೀಪು ಓಡಾಡುವ ಪೆಟ್ರೋಲ್ ಬಂಕಿನಂತಾಯಿತು, ಓಣಿಯಲ್ಲಿ ಹೊರಟರೆ ಜನ ಒಲೆ ಆರಿಸುತ್ತಿದ್ದರು.

"ನಿನ್ನ ವಿದ್ಯಾ ನಿನಗ ಯಾಕ ನೆನಪಾಗಲಿಲ್ಲೋ ಹುಚ್ಚಾ?" ಎಂದಳು ಅವ್ವ ಒಂದು ದಿನ. "ಮಂದೀನ್ನ ಜಗಳ ಮಾಡಿ ಮುಟ್ಟಸ್ತೀ. ನಿನ್ನ ಕೂಡ ಜಗಳ ಮಾಡಾಕ ನಾ ಬರ್ತೀನಿ ನಡಿ."

ಮಾತು ಸರಿ ಎನಿಸಿತು. ಅವ್ವನಷ್ಟು ಚೆನ್ನಾಗಿ ನನ್ನನ್ನು ಬೈಯುವವರು ಯಾರಿದ್ದಾರೆ? ರೊಟ್ಟಿಯ ಗಂಟು ಕಟ್ಟಿಕೊಂಡು ಹೊರಟೆವು. ಬಯಲು ಶುರುವಾದ ಕೂಡಲೇ ಅವಳು, "ನೀ ಹುಟ್ಟಿದ ದಿನ ನಿಮ್ಮಪ್ಪ ಅಂದಿದ್ದ, ಈ ಕೂಸು ಬರೇ ಅಳೂದಕ್ಕ ಹುಟ್ಟೈತಿ ಅಂತ" ಎಂದು ಆರಂಭಿಸಿದಳು. ನನಗೂ ರೇಗಿತು, ಬಯಲು ಸ್ವಲ್ಪ ಮುದುಡಿತು, ದೂರದಲ್ಲಿ ಗಿರಣಿಯ ಹೊಗೆ ಕೊಳವೆಯೂ ಕಂಡಂತಾಯಿತು. ಅಷ್ಟರಲ್ಲಿ ಅವ್ವ ಕೊಳವೆ ನೋಡಿ, "ಅಕಿದೇನೋ ಅದು? ಯಪ್ಪಾ, ನನ್ನ ಸೊಸಿ ಗಿರಣಿ!" ಎಂದು ಎದ್ದು ನಿಂತುಬಿಟ್ಟಳು. ಕೊಳವೆ ಮಾಯ. ಆಗ ನನಗೆ ತಿಳಿಯಿತು, ಮಗನ ಮದುವೆಯ ಆಸೆ ಮಗನಿಗಿಂತ ತಾಯಿಗೇ ದೊಡ್ಡದು. ಎಷ್ಟೋ ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಆಸೆ ಅದು. ಬಯಲು ಅಳತೆ ಮೀರಿ ಹರಡಿತು. ಒಂದಾದ ಮೇಲೊಂದು ಟ್ಯಾಂಕು ಮುಗಿದು, ಡ್ರಮ್ಮು ಢಣಢಣ ಎಂದು, ಜೀಪು ನಟ್ಟನಡುವೆ ನಿಂತಿತು.

"ಜಗಳ ಮಾಡಾಕ ಬಂದಾಕಿ!" ಎಂದೆ. ಅವ್ವ ತಲೆ ತಗ್ಗಿಸಿ ರೊಟ್ಟಿಯ ಗಂಟು ಬಿಚ್ಚಿದಳು.

ಆಗ ಆಚೆ ಕಡೆಯಿಂದ ಪುಟಪುಟ ಸದ್ದು ಕೇಳಿಸಿತು. ಒಂದು ಸ್ಕೂಟರು. ಅದರ ಮೇಲೆ ಬೆಳ್ಳಗಿನ ಹುಬ್ಬಿನ ನೀಲಗಂಗಾ. ಬಂದು ನಿಲ್ಲಿಸಿ, ಜೀಪಿನ ಮೇಲಿನ ಟ್ಯಾಂಕುಗಳನ್ನೆಲ್ಲ ಒಂದು ಸಲ ನೋಡಿ, ನಗು ಬಂದರೂ ತಡೆದುಕೊಂಡಳು.

"ನೀವು ಬರೂದು ಕಾಣಲಿಲ್ಲ. ಕಾಯಿಸಿ ಇಟ್ಟುಕೊಳ್ಳೂದು ಚಂದ ಅಲ್ಲ ಅಂತ ನಾನ ಹೇಳಿ ಹೋಗಾಕ ಬಂದೆ" ಎಂದಳು. "ನಾ ಗಿರಣಿ ಬಿಟ್ಟು ಯಾರ ಮನಿಗೂ ಬರಾಕಿ ಅಲ್ರೀ. ನನಗ ಮದುವಿ ಬ್ಯಾಡ."

ಅವ್ವ ಎದ್ದು ಹೋಗಿ ಸ್ಕೂಟರಿನ ಸೀಟು ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕಡ್ಡಿ ಇಳಿಸಿ ನೋಡಿದಳು. ಹೆಚ್ಚುಕಡಿಮೆ ತುಂಬಿಯೇ ಇತ್ತು. ಕಡ್ಡಿಯನ್ನು ಸೆರಗಿನಿಂದ ಒರೆಸುತ್ತ, "ಆತು ಬಿಡವ್ವ ತಂಗಿ" ಎಂದಳು, "ಟ್ಯಾಂಕ ಹೇಳಿತು."

ನಾನು ಆ ಕಡ್ಡಿ ನೋಡಿದೆ. ನನಗೆ ಅಳು ಬಂತು ನೋಡಿ. ಬೇಡ ಎಂಬ ಮಾತನ್ನು ತಡೆದುಕೊಂಡೇನು, ಒದ್ದೆ ಕಡ್ಡಿಯನ್ನು ತಡೆದುಕೊಳ್ಳುವುದು ನಮ್ಮ ಊರಿನವರಿಗೆ ಆಗದು.

ಊಟದ ಹೊತ್ತಾಗಿತ್ತು. ರೊಟ್ಟಿ ಇತ್ತು. ಬೇಡ ಎಂದವಳಿಗೆ ರೊಟ್ಟಿಯೂ ಬೇಡವೇ ಎಂದು ಅವ್ವ ಕೇಳಿದಳು. ಮೂವರೂ ಜೀಪಿನ ನೆರಳಲ್ಲಿ ಕೂತೆವು. ರೊಟ್ಟಿ ಮುರಿದು ಬಾಯಿಗಿಟ್ಟ ನೀಲಗಂಗಾ, "ಹಿಟ್ಟು ತರಿ ಆಗೈತಿ. ಎಲ್ಲಿ ಬೀಸಿಸಿದ್ರಿ?" ಎಂದಳು. "ನಿಮ್ಮ ಗಿರಣಿಯೊಳಗ, ನಾ ತಂದ ಚಕ್ಕಿ ಎದ್ದ ಕಲ್ಲಿನಾಗ" ಎಂದೆ. ಅವ್ವ ಜೋಳವನ್ನು ಅದೇ ಸೋಮಾರಿಯ ಕೈಯಲ್ಲಿ ಅಲ್ಲಿಗೇ ಕಳಿಸಿದ್ದಳು. ಅಂದು ಮರುದಿನ ಹೊಳೆದಿದ್ದ ಉತ್ತರ ಬೇರೆಯೇ ಇತ್ತು, ಇಷ್ಟು ಟ್ಯಾಂಕು ಸುಟ್ಟು ಕೊನೆಗೆ ಹೇಳಿದ್ದು ಇದು. ಅವಳು ಮೊದಲು ಕಣ್ಣರಳಿಸಿದಳು, ಆಮೇಲೆ ನಕ್ಕಳು. ನೆತ್ತಿಗೆ ಹತ್ತುವಷ್ಟು ನಕ್ಕಾಗ ಅವ್ವ ಬೆನ್ನು ತಟ್ಟಿ ನೀರು ಕುಡಿಸಬೇಕಾಯಿತು. ಹುಬ್ಬಿನ ಹಿಟ್ಟೆಲ್ಲ ಉದುರಿತು. ಹೊರಡುವಾಗ ತನ್ನ ಟ್ಯಾಂಕಿನಿಂದ ಒಂದು ಬಾಟಲಿ ಪೆಟ್ರೋಲು ತೆಗೆದುಕೊಟ್ಟಳು. ಮನೆ ಮುಟ್ಟಲು ನಮಗೆ ಅಷ್ಟೇ ಸಾಕಾಯಿತು, ಅದರಲ್ಲೂ ಉಳಿಯಿತು.

ಆಮೇಲೆ ನಾನು ಜೀಪು ಮುಟ್ಟಲಿಲ್ಲ. ಗಿರಾಕಿಗಳು ಬಂದರೆ ಇಲ್ಲ ಎಂದೆ. ಜಗಳಕ್ಕೂ ಮನಸ್ಸಿರಲಿಲ್ಲ. ಊರಿನ ಅಜ್ಜಿಯರು ಬೈಯಲು ಯಾರೂ ಇಲ್ಲದೆ ನನ್ನ ಅಂಗಳಕ್ಕೇ ಬಂದು, "ಏನೋ ಮುದುಕಪ್ಪಾ, ನಮ್ಮ ಚಟ್ನಿಗೆ ಏನೂ ಅನ್ನಂಗಿಲ್ಲೇನು?" ಎಂದು ಕೇಳಿ ಹೋಗುತ್ತಿದ್ದರು. ಗೈಬುಸಾಬ ಬಂದು ಟ್ಯಾಂಕುಗಳನ್ನು ಬಿಚ್ಚಲೇ ಎಂದ. ಇರಲಿ ಬಿಡು ಎಂದೆ.

ಒಂದು ದಿನ ಮಧ್ಯಾಹ್ನ ಆಚೆ ಊರಿನಿಂದ ಬಂದ ಬಸ್ಸು ನಿಲ್ದಾಣಕ್ಕೆ ಹೋಗದೆ ನೇರ ನಮ್ಮ ಮನೆಯ ಮುಂದೆ ನಿಂತಿತು. ಚನಮಲ್ಲ ಇಳಿದು ಬಂದ.

"ಗಿರಣಿ ಅಕ್ಕ ಬಯಲೊಳಗ ನಿಂತಾಳ" ಎಂದ. "ಸ್ಕೂಟರ ಬಂದ್ ಬಿದ್ದೈತಿ. ಬಾಟಲಿ ಕೊಟ್ಟಿದ್ಲಲ್ಲ ನಿಮಗ, ಅದನ್ನ ವಾಪಸ ಇಸಕೊಂಡು ಬರ್ತೀನಿ ಅಂತ ಹೊಂಟಿದ್ಲಂತ. ಟ್ಯಾಂಕ ತುಂಬಿಸಿಕೊಂಡ ಹೊಂಟಿದ್ಲು, ಒಂದ ಹನಿ ಉಳದಿಲ್ಲ."

"ಬಸ್ಸಿನಾಗ ಹತ್ತಿಸಿಕೊಂಡು ಬರೂದಲ್ಲೇನೋ, ಪಾಪಿ!" ಎಂದಳು ಅವ್ವ.

"ಹೆಂಗ ಹತ್ತಿಸಿಕೊಳ್ಳಲಿ ಚಿಗವ್ವ?" ಎಂದ ಚನಮಲ್ಲ. "ಮುಖ ನೋಡಿದೆ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎಲ್ಲಿ ನಿಂತಿದ್ದೆನೋ, ಚಪ್ಪಲಿ ಎಲ್ಲಿತ್ತೋ, ಒಂದೂ ನೆನಪಿಲ್ಲ. ಊರಿಗೆ ಊರೇ ಓಡಿ ಬಂತು. ಯಾರದೋ ಮೋಟಾರ್‌ಸೈಕಲ್ಲಿನ ಪೆಟ್ರೋಲು, ಪಂಪಿಗೆಂದು ಇಟ್ಟದ್ದು, ಅಳಿಯಂದಿರು ಜಾಲಿಪೊದೆಗಳಿಂದ ನಾಚುತ್ತ ಹೊರತೆಗೆದ ಕ್ಯಾನುಗಳು, ಎಲ್ಲ ನನ್ನ ಟ್ಯಾಂಕು ಸೇರಿದವು. ಗೈಬುಸಾಬ ಡ್ರಮ್ಮಿನ ಮುಚ್ಚಳ ಬಿಗಿಯುತ್ತ, "ನಾ ಅವತ್ತ ಹೇಳಿದ್ದೆ, ಬೇಕಾಗತಾವ ಅಂತ" ಎಂದ. ಅವನು ಹೇಳಿರಲಿಲ್ಲ. ಅವ್ವ ಜೀಪು ಹತ್ತಲು ಬಂದಳು, ನಾನು ಕೈ ಮುಗಿದೆ. ಅವಳೂ ಅರ್ಥ ಮಾಡಿಕೊಂಡು ಇಳಿದಳು.

ಆ ದಿನದ ಬಯಲನ್ನು ಏನೆಂದು ಹೇಳಲಿ! ಮೊದಲನೆಯ ಟ್ಯಾಂಕು ಊರಿನ ಬೇಲಿ ಕಣ್ಮರೆಯಾಗುವುದರಲ್ಲಿ ಮುಗಿಯಿತು. ಕಾಕು ತಿರುಗಿಸಿದೆ. 'ಶುಭ ಪ್ರಯಾಣ' ಖಾಲಿಯಾಯಿತು. ಬಾನೆಟ್ಟಿನದು ಹೋಯಿತು. ಜಗಳವಾಡಿಯಾದರೂ ಬಯಲನ್ನು ಮುದುಡಿಸೋಣ ಎಂದು ನನ್ನನ್ನೇ ನಾನು ಬೈದುಕೊಂಡೆ, ಗಿಯರಿಗೆ ಬೈದೆ, ಹಳ್ಳಕ್ಕೆ ಬೈದೆ. ನಡುನಡುವೆ ಅವಳ ಹುಬ್ಬು ನೆನಪಾಗಿ ಬೈಗುಳ ಬಾಯಲ್ಲೇ ನಿಲ್ಲುತ್ತಿತ್ತು. ಡ್ರಮ್ಮಿನ ಪೆಟ್ರೋಲೂ ತಳ ಕಂಡಿತು. ಇಂಜಿನ್ನು ಕೆಮ್ಮಿತು, ಒಂದು ಸಲ ಮುಗ್ಗರಿಸಿತು, ನಿಂತಿತು. ಎದುರಿಗೆ ಒಂದು ಚುಕ್ಕೆ ಕಂಡಿತು, ಸ್ಕೂಟರಿನ ಪಕ್ಕದಲ್ಲಿ ಕೂತ ಒಂದು ಚುಕ್ಕೆ. ಅದು ಎದ್ದು ನಿಂತಿತು.

ನಾನು ಓಡಿದೆ. ಅವಳೂ ಓಡಿ ಬಂದಳು. ನಡುವಿನ ನೆಲ ಇನ್ನೂ ಜಗ್ಗುತ್ತಲೇ ಇತ್ತು, ಸುಡುಗಾಡು ನೆಲ. ಕೂಗಿದರೆ ಕೇಳುವಷ್ಟು ಹತ್ತಿರ ಬಂದಾಗ ಅವಳು ಕೂಗಿ ಕೇಳಿದ್ದು ಹೇಗಿದ್ದೀರಿ ಎಂದಲ್ಲ.

"ಎಷ್ಟ ಹಾಕ್ಕೊಂಡ ಬಂದ್ರೀ?"

"ಊರಾಗ ಇದ್ದದ್ದೆಲ್ಲ!"

"ಎಷ್ಟ ಉಳಿದೈತಿ?"

"ಒಂದ ಹನಿ ಇಲ್ಲ!"

ಅವಳು ನಿಂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಮತ್ತೇನೋ. ನಾನೂ ಹತ್ತಿರ ಹೋಗಿ ನಿಂತೆ.

"ನನ್ನ ಗಿರಣಿ?" ಎಂದಳು, ಸಣ್ಣ ದನಿಯಲ್ಲಿ.

"ನಾನ ಅಲ್ಲಿಗೆ ಬರ್ತೀನಿ. ಅವ್ವನೂ ಬರ್ತಾಳ. ಈ ಟ್ಯಾಂಕೆಲ್ಲ ಬಿಚ್ಚಿ ನಿನ್ನ ಇಂಜಿನ್ನಿಗೆ ಹಾಕೂಣು, ಎಣ್ಣಿ ಮುಗೀತಂತ ಎಂದೂ ಗಿರಣಿ ನಿಲ್ಲಬಾರದು" ಎಂದೆ. "ಆದರ ಒಂದ ಮಾತು. ಕಲ್ಲಿನ ಚಕ್ಕಿ ನಾ ಎಬ್ಬಿಸಿದ್ದಲ್ಲ."

"ನೀವ ಎಬ್ಬಿಸಿದ್ದು" ಎಂದಳು. "ನಾನಲ್ಲ" ಎಂದೆ. "ನೀವ" ಎಂದಳು. ಕಲ್ಲು ಯಾವ ಹಳ್ಳದಲ್ಲಿ ಕುಕ್ಕಿರಬಹುದು, ಯಾರು ಹೇಗೆ ಕಟ್ಟಬೇಕಿತ್ತು ಎಂದು ಮಾತಿಗೆ ಮಾತು ಬೆಳೆಯಿತು. ಅಂಥ ಒಳ್ಳೆಯ ಜಗಳ ನಾನು ಜನ್ಮದಲ್ಲಿ ಆಡಿರಲಿಲ್ಲ. ಸಂಜೆಯ ಬಸ್ಸು ಬಂದು ಪಕ್ಕದಲ್ಲಿ ನಿಂತದ್ದೂ ಗೊತ್ತಾಗಲಿಲ್ಲ.

ಚನಮಲ್ಲ ಬಾಗಿಲಿಗೆ ಅಡ್ಡ ನಿಂತು ನಮ್ಮಿಬ್ಬರ ಮುಖವನ್ನೂ ದಿಟ್ಟಿಸಿದ.

"ಎಲ್ಲಿಗೆ ಹೋಗಬೇಕ್ರೀ?" ಎಂದ.

ನಾನು ನೀಲಗಂಗಾಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ನಮ್ಮಿಬ್ಬರಿಗೂ ನಿಜವಾಗಿ ಹೊಳೆಯಲಿಲ್ಲ.

"ನಿನ್ನ ಬಸ್ಸು ಯಾವ ಕಡೆ ಹೊಂಟೈತೋ ತಮ್ಮಾ?" ಎಂದು ಅವಳೇ ಕೇಳಿದಳು.

ಚನಮಲ್ಲ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಹತ್ರೀ, ಹತ್ರೀ" ಎಂದ. "ನಿಮ್ಮಂಥೋರ ಬೇಕು ನನಗ."